ಒಕ್ಬುನ್ ಅಜ್ಜಿಯ ತಾರೀಖು

ಚೀಟಿ ಹಂಚಿದವನು ನಾನೇ. ಮುಂದೆ ನಡೆದದ್ದರಲ್ಲಿ ನನ್ನ ಪಾಲೂ ಇದೆ ಎಂದು ಮೊದಲೇ ಹೇಳಿಬಿಡುತ್ತೇನೆ.

1978ರ ಸೆಪ್ಟೆಂಬರ್ ಕೊನೆಯ ವಾರ. ನನಗೆ ಆಗ ಮೂವತ್ತೊಂದು ವರ್ಷ. ಮೊಕ್ಪೋ ಬಂದರಿನಿಂದ ದೋಣಿಯಲ್ಲಿ ನಾಲ್ಕು ತಾಸು ದೂರದ ದ್ವೀಪವೊಂದರಲ್ಲಿ ಸಭಾಪಾಲಕನಾಗಿ ಎರಡನೆಯ ವರ್ಷ ನಡೆದಿತ್ತು. ಊರಿನ ಮುಕ್ಕಾಲು ಪಾಲು ಜನ ಉಪ್ಪಿನ ಆಗರದಲ್ಲಿ ದುಡಿಯುವವರು, ಉಳಿದವರು ಕಡಲಪಾಚಿ ಬೆಳೆಯುವವರು. ಸುಗ್ಗಿಯ ಹಬ್ಬ ಮುಗಿದು ಜನರಿಗೆ ಸ್ವಲ್ಪ ಬಿಡುವಿದ್ದ ಹೊತ್ತು ನೋಡಿ ನಾನು ಮೂರು ದಿನದ ಉಜ್ಜೀವನ ಕೂಟ ಏರ್ಪಡಿಸಿದೆ. ಉಪದೇಶಕ್ಕೆ ಕಡಲಾಚೆಯ ದೊಡ್ಡ ನೆಲದಿಂದ ಗುಕ್ ಎಂಬ ಹೆಸರಿನ ಪಾದ್ರಿಯೊಬ್ಬರು ಬಂದರು.

ಅವರದು ಗಟ್ಟಿ ಕಂಠ. ಎರಡನೆಯ ದಿನ ಅವರು ವೇದಿಕೆಯ ಮೇಲಿಂದ ಕೇಳಿದರು: "ನೀವು ಹುಟ್ಟಿದ ದಿನ ನಿಮಗೆ ಗೊತ್ತು. ಮದುವೆಯಾದ ದಿನ ಗೊತ್ತು. ರಕ್ಷಣೆ ಹೊಂದಿದ ದಿನ ಗೊತ್ತಿಲ್ಲ ಅಂದ್ರೆ ಏನರ್ಥ? ಆ ದಿನ ಇನ್ನೂ ಬಂದಿಲ್ಲ ಅಂತ ಅರ್ಥ!" ಆಮೇಲೆ ತಾವೇ ತಂದಿದ್ದ ಅಚ್ಚು ಹಾಕಿಸಿದ ಚೀಟಿಗಳನ್ನು ನನ್ನ ಕೈಗೆ ಕೊಟ್ಟು ಹಂಚಲು ಹೇಳಿದರು. ಹೆಸರು, ರಕ್ಷಣೆ ಹೊಂದಿದ ವರ್ಷ, ತಿಂಗಳು, ದಿನ, ಗಂಟೆ, ಸ್ಥಳ. ಅಷ್ಟಕ್ಕೂ ಜಾಗ ಬಿಟ್ಟಿತ್ತು. ತುಂಬಲಾಗದವರು ಕರ್ತನ ಭೋಜನಕ್ಕೆ ಕೈ ಚಾಚುವ ಮೊದಲು ತಮ್ಮನ್ನು ತಾವು ಪರೀಕ್ಷಿಸಿಕೊಳ್ಳಲಿ ಎಂದೂ ಹೇಳಿದರು. ಅವರು ಕೆಟ್ಟವರೇನಲ್ಲ. ಅವರಿಗೆ ತಮ್ಮ ದಿನ ಗೊತ್ತಿತ್ತು. ಅದರಿಂದ ತಮಗೆ ಸಿಕ್ಕ ನೆಮ್ಮದಿ ಬೇರೆಯವರಿಗೂ ಸಿಗಲಿ ಎಂಬುದಷ್ಟೇ ಅವರ ಆಸೆಯಾಗಿತ್ತು.

ಎಲ್ಲರಿಗಿಂತ ಮೊದಲು ಚೀಟಿ ತುಂಬಿಕೊಟ್ಟವರು ಸಭೆಯ ಹಿರಿಯ ತಾಕ್. ಕುಡಿತ ಬಿಟ್ಟು ವಿಶ್ವಾಸಿಯಾದವರು. 1961ರ ಮಾರ್ಚ್ ಹದಿನೈದು, ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ. ಉಳಿದವರೂ ಯೋಚಿಸಿ, ಪಕ್ಕದವರನ್ನು ಕೇಳಿ, ಒಂದಿಬ್ಬರು ಪಕ್ಕದವರದನ್ನೇ ನೋಡಿ ಬರೆದು ಕೊಟ್ಟರು. ಒಕ್ಬುನ್ ಅಜ್ಜಿ ಮಾತ್ರ ಖಾಲಿ ಚೀಟಿಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಬಂದು ನನ್ನ ಮುಂದೆ ನಿಂತಳು.

"ಬರೆದುಕೊಡ್ಲಾ ಅಜ್ಜಿ?"

"ಬರೆಯೋಕೆ ಬರುತ್ತೆ ಅಯ್ಯನೋರೆ. ಬರೆಯೋಕೆ ಏನೂ ಇಲ್ಲ."

ಅಜ್ಜಿಗೆ ಆಗ ಅರವತ್ತೆರಡು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಚರ್ಚಿಗೆ ಬರುತ್ತಿದ್ದವಳು. ಬೆಳಗಿನ ಜಾವದ ಪ್ರಾರ್ಥನೆಗೆ ಗಂಟೆ ಬಾರಿಸುವುದು, ಚಳಿಗಾಲದಲ್ಲಿ ಒಲೆಗೆ ಇದ್ದಿಲು ಹಾಕುವುದು, ಭಾನುವಾರದ ಊಟಕ್ಕೆ ದೊಡ್ಡ ಪಾತ್ರೆಯಲ್ಲಿ ಸೊಪ್ಪಿನ ಸಾರು ಕಾಯಿಸುವುದು ಅವಳ ಕೆಲಸ. ಯಾರೂ ಅವಳಿಗೆ ಇದನ್ನೆಲ್ಲ ವಹಿಸಿರಲಿಲ್ಲ. ನನಗಿಂತ ಹಿಂದೆ ಇದ್ದ ನಾಲ್ವರು ಸಭಾಪಾಲಕರೂ ಅವಳು ಮಾಡುತ್ತಿದ್ದುದನ್ನು ಕಂಡು ಹಾಗೇ ಬಿಟ್ಟಿದ್ದರು.

ಕೂಟ ಮುಗಿದ ಭಾನುವಾರ ಕರ್ತನ ಭೋಜನ. ರೊಟ್ಟಿಯ ತಟ್ಟೆ ಸಾಲುಸಾಲಾಗಿ ಹಿಂದಕ್ಕೆ ಹೋಯಿತು. ಒಕ್ಬುನ್ ಅಜ್ಜಿ ಅದನ್ನು ತೆಗೆದುಕೊಂಡು, ತಾನು ಮುಟ್ಟದೆ, ಪಕ್ಕದವಳಿಗೆ ದಾಟಿಸಿದಳು. ದ್ರಾಕ್ಷಾರಸದ ಬಟ್ಟಲನ್ನೂ ಹಾಗೇ. ಆ ದ್ರಾಕ್ಷಾರಸವನ್ನು ಗುಡ್ಡದ ಕಾಡುದ್ರಾಕ್ಷಿ ಕಿತ್ತು ತಂದು ಮಾಡಿದವಳೂ ಅವಳೇ. ಇಡೀ ಸಭೆ ನೋಡಿತು.

ಮರುದಿನ ಬೆಳಗಿನ ಜಾವ ಗಂಟೆ ಬಾರಿಸಲಿಲ್ಲ. ನಾನು ಕಾರಣ ಕೇಳಿಕಳಿಸಿದಾಗ ಅವಳು ಹೇಳಿಕಳಿಸಿದ್ದು ಇಷ್ಟು: "ರಕ್ಷಣೆ ಇಲ್ಲದೋಳು ರಕ್ಷಣೆ ಆದೋರನ್ನ ಎಬ್ಬಿಸೋದು ಹೇಗೆ? ಅವರೇ ಏಳ್ಲಿ."

ಗಂಟೆಯ ಹಗ್ಗ ಹಿರಿಯ ತಾಕ್ ಅವರ ಕೈಗೆ ಬಂತು. ಅವರು ಒಂದು ದಿನ ನಾಲ್ಕಕ್ಕೆ ಬಾರಿಸಿದರೆ ಇನ್ನೊಂದು ದಿನ ಐದೂವರೆಗೆ. ಚರ್ಚಿನ ಕಡೆ ತಲೆ ಹಾಕಿ ಮಲಗದವರೂ ದೂರು ತಂದರು. ಆಗರದ ಮೇಸ್ತ್ರಿಯೊಬ್ಬ ದಾರಿಯಲ್ಲಿ ನನ್ನನ್ನು ತಡೆದು, "ನಿಮ್ಮ ದೇವರ ವಿಚಾರ ನನಗೆ ಬೇಡ ಸ್ವಾಮಿ. ಆದ್ರೆ ಆ ಮುದುಕಿಗೆ ಗಂಟೆ ಕೊಟ್ಬಿಡಿ. ನನ್ನ ಆಳುಗಳು ಎರಡು ದಿನದಿಂದ ಹೊತ್ತು ತಪ್ಪಿ ಬರ್ತಿದ್ದಾರೆ" ಎಂದ.

ಹತ್ತು ದಿನ ಕಳೆದ ಮೇಲೆ ನಾನು ಅವಳ ಮನೆಗೆ ಹೋದೆ.

ಆ ಮನೆಯ ವಿಚಾರ ಊರಿಗೆಲ್ಲ ಗೊತ್ತಿದ್ದದ್ದೇ. ಒಕ್ಬುನ್‌ಗೆ ಎರಡು ಹೆಣ್ಣುಮಕ್ಕಳು ಹುಟ್ಟಿ ವರ್ಷ ತುಂಬುವ ಮೊದಲೇ ತೀರಿಕೊಂಡಿದ್ದವು. ಗಂಡ ಪ್ಯೊ ಉಪ್ಪಿನ ದೋಣಿ ನಡೆಸುತ್ತಿದ್ದವನು. ಗಂಡುಮಗು ಬೇಕೆಂದು ಮೊಕ್ಪೋದ ಒಂದು ಹೆಂಡದಂಗಡಿಯಿಂದ ಚೋವೊಲ್ ಎಂಬ ಹುಡುಗಿಯನ್ನು ಕರೆತಂದು ಅದೇ ಮನೆಯಲ್ಲಿಟ್ಟ. ಊರವರು ಅವಳನ್ನು ಚಿಕ್ಕಮನೆಯವಳು ಎಂದರು. ಅವಳಿಗೆ ಮಗ ಹುಟ್ಟಿದ, ಗಿಟೇ ಎಂದು ಹೆಸರಿಟ್ಟರು. ಯುದ್ಧದ ಕಾಲದಲ್ಲಿ ಪ್ಯೊ ದೋಣಿಯೊಂದಿಗೇ ಮುಳುಗಿದ. ಸವತಿಯರಿಬ್ಬರೂ ಅದೇ ಸೂರಿನಡಿ ಉಳಿದರು. ಚೋವೊಲ್ ಬಹಳ ವರ್ಷ ಮನೆಯ ಮುಂದೆ ಹೆಂಡ ಮಾರಿದಳು, ಒಕ್ಬುನ್ ಹಿಂದಿನ ಬಾಗಿಲಿನಿಂದ ಚರ್ಚಿಗೆ ಹೋದಳು. ಗಿಟೇ ಈಗ ಬುಸಾನ್‌ನಲ್ಲಿ ಹಡಗಿನ ಇಂಜಿನ್ ಕೆಲಸದಲ್ಲಿದ್ದ. ಎರಡು ವರ್ಷದ ಹಿಂದೆ ಚೋವೊಲ್‌ಗೆ ಲಕ್ವ ಹೊಡೆದು ಎಡಭಾಗ ಬಿದ್ದುಹೋಗಿತ್ತು. ಉಣಿಸುವುದು, ತೊಳೆಯುವುದು, ಮಗ್ಗುಲು ಬದಲಿಸುವುದು ಎಲ್ಲ ಒಕ್ಬುನ್ ಅಜ್ಜಿಯೇ. ನಾಲಿಗೆಗೆ ಮಾತ್ರ ಏನೂ ಆಗಿರಲಿಲ್ಲ.

ನಾನು ಹೋದಾಗ ಅಜ್ಜಿ ಜಗಲಿಯ ಹಲಗೆಯ ಮೇಲೆ ಕೂತು ಗೆಣಸಿನ ದಂಟಿನ ಸಿಪ್ಪೆ ಸುಲಿಯುತ್ತಿದ್ದಳು. ಒಳಕೋಣೆಯ ಬಾಗಿಲು ತೆರೆದಿತ್ತು. ಚೋವೊಲ್ ದಿಂಬಿಗೆ ಒರಗಿ ಹೊರಗೆ ನೋಡುತ್ತಿದ್ದಳು.

"ಬಂದ್ರಾ ಅಯ್ಯನೋರು?" ಎಂದಳು ಚೋವೊಲ್. "ಈ ಅಕ್ಕನಿಗೆ ಅದೇನು ಚೀಟಿ ಕೊಟ್ರೋ, ಹತ್ತು ದಿನದಿಂದ ಸಾರಿಗೆ ಉಪ್ಪೇ ಹಾಕ್ತಿಲ್ಲ. ಉಪ್ಪಿನ ಊರಲ್ಲಿ ಕೂತು ಸಪ್ಪೆ ಸಾರು ಕುಡೀತಿದೀನಿ."

"ನೀನು ಸುಮ್ನಿರೆ," ಎಂದಳು ಅಜ್ಜಿ.

ನಾನು ಕಲಿತದ್ದನ್ನೆಲ್ಲ ಹೇಳಿದೆ. ರಕ್ಷಣೆ ದೇವರ ಕೃಪೆ, ನಮ್ಮ ನೆನಪಿನ ಶಕ್ತಿಯಲ್ಲ. ಕೆಲವರಿಗೆ ಅದು ಮಿಂಚಿನಂತೆ ಬರುತ್ತದೆ, ಕೆಲವರಿಗೆ ಬೆಳಗಾದಂತೆ. ಬೆಳಗಾದ ಕ್ಷಣ ಯಾವುದೆಂದು ಯಾರೂ ಬೆರಳಿಟ್ಟು ತೋರಿಸಲಾರರು. ಅಜ್ಜಿ ಸುಲಿಯುತ್ತಲೇ ಇದ್ದಳು. ಕೊನೆಗೆ ನಾನು, "ನೀವು ಹುಟ್ಟಿದ ದಿನ ನಿಮಗೆ ನೆನಪಿದೆಯಾ? ಇಲ್ಲ ತಾನೇ? ಆದ್ರೂ ಹುಟ್ಟಿದ್ದು ಸುಳ್ಳಲ್ಲವಲ್ಲ" ಎಂದೆ. ಆ ಹೋಲಿಕೆ ನನಗೇ ಮೆಚ್ಚಿಗೆಯಾಗಿತ್ತು.

"ಹುಟ್ಟಿದ ದಿನ ನನ್ನ ಅವ್ವ ಹೇಳಿದ್ಳು," ಎಂದಳು ಅಜ್ಜಿ. "ಇದನ್ನ ಯಾರು ಹೇಳ್ತಾರೆ?"

"ನಾನು ಹೇಳ್ತೀನಿ," ಎಂದಳು ಚೋವೊಲ್ ಒಳಗಿನಿಂದ.

ನಾನು ಅವಳು ತಮಾಷೆ ಮಾಡುತ್ತಿದ್ದಾಳೆಂದುಕೊಂಡೆ. ಅಜ್ಜಿಯೂ ಹಾಗೇ ಅಂದುಕೊಂಡಿರಬೇಕು, ತಲೆ ಎತ್ತಲಿಲ್ಲ.

"ನಮ್ಮ ಪಂಚಾಂಗದ ನಾಯಿ ವರ್ಷ. ಜಪಾನಿನೋರು ಹೋದ ಮರುವರ್ಷ. ಹತ್ತನೇ ತಿಂಗಳು, ಹತ್ತೊಂಬತ್ತು. ಗಿಟೇ ಹುಟ್ಟಿದ ಮೂರನೇ ದಿನ. ಮಧ್ಯಾಹ್ನ. ಗಂಟೆ ನನಗೆ ಗೊತ್ತಿಲ್ಲ, ಮನೇಲಿ ಗಡಿಯಾರ ಇರ್ಲಿಲ್ಲ. ಸ್ಥಳ ಅಂದ್ರೆ, ಆ ಹೊಸ್ತಿಲು." ಅವಳು ನೆಟ್ಟಗಿದ್ದ ಬಲಗೈ ಎತ್ತಿ ತನ್ನ ಕೋಣೆಯ ಹೊಸ್ತಿಲನ್ನು ತೋರಿಸಿದಳು.

ಅಜ್ಜಿಯ ಕೈ ನಿಂತಿತು.

"ಬಾಣಂತಿಗೆ ಪಾಚಿ ಸಾರು ಕಾಯಿಸ್ತಿದ್ದೆ ನೀನು," ಚೋವೊಲ್ ಹೇಳುತ್ತ ಹೋದಳು. "ಬಾಗಿಲ ಚೌಕಟ್ಟಿಗೆ ಅಂಟಿಸಿದ ಕಾಗದದಲ್ಲಿ ಒಂದು ತೂತಿತ್ತು ಅಕ್ಕ. ಅಡುಗೆಮನೆ ಪೂರ್ತಿ ಕಾಣ್ತಿತ್ತು. ಬಟ್ಟೆ ಬೇಯಿಸೋ, ಮುಟ್ಟಿದ್ರೆ ಸುಡೋ ಕ್ಷಾರದ ಮಡಕೆ ಅಟ್ಟದ ಮೇಲಿಂದ ಇಳಿಸಿದೆ. ಸಾರಿನ ಬಟ್ಟಲಿಗೆ ಹಾಕಿದೆ. ಕಲಸಿದೆ. ತಟ್ಟೆ ಎತ್ಕೊಂಡು ಬಂದು ಬಾಗಿಲು ತೆಗೆದೆ."

ದೂರದಲ್ಲಿ ಯಾರೋ ಉಪ್ಪಿನ ಗಾಡಿ ತಳ್ಳಿಕೊಂಡು ಹೋಗುವ ಸದ್ದು ಕೇಳುತ್ತಿತ್ತು.

"ನೀವು ಕೂಗ್ಲಿಲ್ವಾ?" ಎಂದು ಕೇಳಿದವನು ನಾನು.

"ಯಾಕೆ ಕೂಗ್ಲಿ? ಹತ್ತೊಂಬತ್ತು ವರ್ಷ ನನಗೆ. ಬೇರೆಯೋಳ ಮನೇಲಿ ಬಂದು ಗಂಡು ಹೆತ್ತು ಮಲಗಿದ್ದೆ. ಕುಡಿದ್ರೂ ಸರಿ, ಕುಡೀದಿದ್ರೂ ಸರಿ ಅನ್ನೋ ಹಾಗಿತ್ತು. ಮಗೂನ ಈಚೆಗೆ ಎಳ್ಕೊಂಡು ಇವಳ ಪಾದ ನೋಡ್ತಾ ಇದ್ದೆ. ಹೊಸ್ತಿಲ ಆಚೆ ನಿಂತಿದ್ವು. ಎಷ್ಟು ಹೊತ್ತು ಅಂತೀರಾ! ಸಾರು ಆರಿಹೋಗಿರ್ಬೇಕು. ಆಮೇಲೆ ಪಾದ ತಿರುಗಿದ್ವು. ಅಂಗಳದಲ್ಲಿ ಸುರಿದ್ಳು. ಮಣ್ಣು ಬುಸುಗುಟ್ಟಿತು. ಬಟ್ಟಲು ಬೂದಿ ಹಾಕಿ ಉಜ್ಜಿದ್ಳು, ಉಜ್ಜಿದ್ಳು, ಉಜ್ಜಿದ್ಳು. ಮತ್ತೆ ಒಲೆ ಹಚ್ಚಿ ಹೊಸದಾಗಿ ಸಾರು ಕಾಯಿಸಿ ತಂದ್ಳು. ಹೊಸ್ತಿಲ ಹತ್ರ ನಿಂತು ತಾನು ಮೊದಲು ಒಂದು ಚಮಚ ಕುಡಿದ್ಳು. ಆಮೇಲೆ ನನ್ನ ಮುಂದಿಟ್ಟು, 'ತಿನ್ನು, ಬಿಸಿ ಇದೆ' ಅಂದ್ಳು."

"ನೀವು ತಿಂದ್ರಾ?"

"ತಿಂದೆ. ಹಸಿವಾಗಿತ್ತು."

ಒಕ್ಬುನ್ ಅಜ್ಜಿ ಚೋವೊಲ್‌ಳ ಕಡೆ ತಿರುಗಿದಳು.

"ಗೊತ್ತಿತ್ತಾ ನಿನಗೆ?" ಎಂದಳು. "ಮೂವತ್ತೆರಡು ವರ್ಷ. ಗೊತ್ತಿದ್ದೂ ನನ್ನ ಕೈ ಅಡುಗೆ ತಿಂದ್ಯಾ?"

"ಮತ್ತ್ಯಾರ ಕೈಯದು ತಿನ್ನಲಿ?"

ಅಜ್ಜಿ ಅಳಲಿಲ್ಲ. ದಂಟಿನ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿ ನನ್ನ ಕಡೆ ತಿರುಗಿ ಕೂತಳು. ಅವಳ ಧ್ವನಿ ದಿನನಿತ್ಯದಂತೆಯೇ ಇತ್ತು.

"ಅಯ್ಯನೋರೆ, ಇವಳು ಹೇಳಿದ್ದು ನಿಜ. ಈಗ ನೀವು ಹೇಳಿ. ವಿಷ ಹಾಕಿದ್ದೂ ಅದೇ ದಿನ, ಚೆಲ್ಲಿದ್ದೂ ಅದೇ ದಿನ, ಎರಡೂ ಇದೇ ಕೈ. ಆ ತಾರೀಖು ಬರೆದ್ರೆ ಅದು ಯಾವುದರ ತಾರೀಖು?"

ಸೆಮಿನರಿಯಲ್ಲಿ ನಾನು ಓದಿದ್ದು ನನಗೆ ಆಗ ನೆನಪಾಗಲಿಲ್ಲ. ನಾನು ಕೇಳಿದ್ದು ಒಂದೇ: "ಹೊಸ್ತಿಲ ಹತ್ರ ಏನಾಯ್ತು ಅಜ್ಜಿ? ಏನಾದ್ರೂ ಮಾತು ಕೇಳಿಸಿತಾ?"

"ಕೇಳಿಸಿತು ಅಂತ ಹೇಳೋಕೆ ಆಸೆ," ಎಂದಳು. "ಮಗು ಅತ್ತಿತು ಅಂತಾದ್ರೂ ಹೇಳೋಕೆ ಆಸೆ. ಅಳ್ಲಿಲ್ಲ. ಚರ್ಚಿಗೆ ನಾನು ಆಗ ಎರಡೇ ಸಲ ಬಂದಿದ್ದೆ, ಅದೂ ಕ್ರಿಸ್ಮಸ್ ಕಡುಬಿಗೆ. ದೇವರ ಹೆಸರು ನೆನಪಿಗೇ ಬರ್ಲಿಲ್ಲ. ಕೈ ಭಾರ ಆಯ್ತು, ಅಷ್ಟೇ. ತಟ್ಟೆ ಹಿಡಿದ ಕೈ ಮುಂದಕ್ಕೆ ಹೋಗ್ಲಿಲ್ಲ. ಮುಂದಿನ ವಾರದಿಂದ ಚರ್ಚಿಗೆ ಬಂದೆ. ನಂಬಿಕೆ ಬಂದು ಬಂದೋಳಲ್ಲ. ಬಚ್ಚಿಟ್ಟುಕೊಳ್ಳೋಕೆ ಬಂದೆ. ಅಲ್ಲಿ ಹಿಂದೆ ಕೂತು ಅತ್ತರೆ ಯಾರೂ ಯಾಕೆ ಅಂತ ಕೇಳ್ತಿರ್ಲಿಲ್ಲ. ಎಲ್ಲರೂ ಅಳ್ತಿದ್ರು. ಆ ದಿನ ನನ್ನ ಕೈಗೆ ಏನಾಯ್ತು ಅಂತ ಯಾರಾದ್ರೂ ಹೇಳ್ತಾರೇನೋ ಅಂತ ಪ್ರತಿ ಉಪದೇಶ ಕಿವಿಗೊಟ್ಟು ಕೇಳ್ದೆ. ಯಾರೂ ಹೇಳ್ಲಿಲ್ಲ."

"ಮತ್ತೆ ದೀಕ್ಷಾಸ್ನಾನ ತಗೊಂಡಾಗ?"

"ಆಗ ಎಲ್ಲಾ ಪಾಪ ಹೇಳ್ದೆ. ಇದೊಂದು ಬಿಟ್ಟು."

ಚೋವೊಲ್ ನಗುತ್ತಿದ್ದಳು. ಲಕ್ವದಿಂದ ಅವಳ ನಗು ಒಂದೇ ಕಡೆ ಹರಿಯುತ್ತಿತ್ತು. "ನೋಡಿದ್ರಾ? ಕಡಲೆಕಾಯಿ ಕದ್ದಿದ್ದೆಲ್ಲ ಹೇಳಿದಾಳೆ ಇವಳು."

ನಾನು ಪ್ರಾರ್ಥನೆ ಮಾಡಿ ಎದ್ದೆ. ಏನು ಪ್ರಾರ್ಥಿಸಿದೆನೆಂಬುದು ನೆನಪಿಲ್ಲ. ಇಷ್ಟು ಸಾಕು, ಇದು ನಮ್ಮ ಮೂವರಲ್ಲೇ ಇರಲಿ ಎಂದು ಬಾಗಿಲಲ್ಲಿ ಹೇಳಿದೆ. ಅಜ್ಜಿ ಒಪ್ಪಲಿಲ್ಲ.

ಆ ಬುಧವಾರ ಸಂಜೆಯ ಪ್ರಾರ್ಥನೆಯಲ್ಲಿ, ಸಾಕ್ಷಿ ಹೇಳುವವರು ಹೇಳಬಹುದು ಎಂದು ನಾನು ವಾಡಿಕೆಯಂತೆ ಕರೆದಾಗ, ಒಕ್ಬುನ್ ಅಜ್ಜಿ ಹಿಂದಿನ ಸಾಲಿನಿಂದ ಎದ್ದು ನಿಂತಳು. ಕ್ಷಾರ, ಬಟ್ಟಲು, ಹೊಸ್ತಿಲು, ಅಂಗಳ. ಐದು ನಿಮಿಷವೂ ಹಿಡಿಯಲಿಲ್ಲ. ದಿನವನ್ನೂ ಹೇಳಿದಳು. "ಇದು ರಕ್ಷಣೆಯ ದಿನ ಹೌದೋ ಅಲ್ವೋ ನನಗೆ ಗೊತ್ತಿಲ್ಲ. ಕೊಲೆಗಾತಿ ಆಗ್ಬೇಕಾಗಿತ್ತು, ಆಗ್ಲಿಲ್ಲ. ನಾನಾಗಿ ಉಳ್ಕೊಂಡದ್ದಲ್ಲ ಅಂತ ಮಾತ್ರ ಗೊತ್ತು," ಎಂದು ಕೂತಳು.

ಸಾಕ್ಷಿಯ ಕೊನೆಗೆ ಸಭೆ ಆಮೆನ್ ಹೇಳುವುದು ರೂಢಿ. ಅಂದು ಯಾರೂ ಹೇಳಲಿಲ್ಲ. ನಾನು ಹೇಳಿದೆ, ತಡವಾಗಿ.

ಬಹಿರಂಗವಾಗಿ ಯಾರೂ ಅವಳನ್ನು ಬೈಯಲಿಲ್ಲ. ಆದರೆ ಮುಂದಿನ ಭಾನುವಾರ ಅವಳು ಕಾಯಿಸಿದ ಸಾರಿನ ಪಾತ್ರೆ ತುಂಬಿದ್ದಂತೆಯೇ ಉಳಿಯಿತು. ಹೆಂಗಸರು ಅನ್ನಕ್ಕೆ ಕಿಮ್ಚಿ ಹಾಕಿಕೊಂಡು, ಹೊಟ್ಟೆ ಸರಿಯಿಲ್ಲ, ಮನೆಯಲ್ಲಿ ಕುಡಿದು ಬಂದೆ ಎಂದು ಒಂದೊಂದು ನೆಪ ಹೇಳಿದರು. ಅದರ ಮುಂದಿನ ವಾರವೂ ಅಷ್ಟೇ. ನಾನು ಒಂದು ಬಟ್ಟಲು ಕುಡಿದೆ. ಸಭಾಪಾಲಕ ಕುಡಿಯಲೇಬೇಕು, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಅಜ್ಜಿ ಉಳಿದ ಸಾರನ್ನು ಬಕೆಟ್ಟಿಗೆ ಸುರಿದುಕೊಂಡು ಹಂದಿ ಸಾಕುವವರ ಮನೆಗೆ ಕೊಟ್ಟು ಹೋಗುತ್ತಿದ್ದಳು. ಮರುವಾರ ಮತ್ತೆ ಕಾಯಿಸುತ್ತಿದ್ದಳು. ಬೇಡ ಎಂದು ಅವಳಿಗೆ ಹೇಳುವ ಧೈರ್ಯವೂ ಯಾರಿಗೂ ಇರಲಿಲ್ಲ. ಐದು ಭಾನುವಾರ ಹೀಗೇ ನಡೆಯಿತು.

ನವೆಂಬರ್‌ನ ಮೂರನೆಯ ಭಾನುವಾರ ಕೃತಜ್ಞತೆಯ ಹಬ್ಬ. ಅಂದು ಹೊರಗೆ ಅಂಗಳದಲ್ಲಿ ಊಟ. ಆರಾಧನೆ ಮುಗಿದು ಜನ ಚಾಪೆ ಹಾಸಿ ಕೂರುತ್ತಿದ್ದಾಗ ಗೇಟಿನ ಕಡೆ ಗದ್ದಲವಾಯಿತು. ಹಿರಿಯ ತಾಕ್ ಹಬ್ಬದ ಕೋಟು ಹಾಕಿಕೊಂಡೇ ಬೆನ್ನ ಮೇಲೆ ಮರದ ಹೊರೆಗೂಡು ಹೊತ್ತು ಏದುಸಿರು ಬಿಡುತ್ತ ಬರುತ್ತಿದ್ದರು. ಸೌದೆ ಹೊರುವ ಆ ಗೂಡಿನಲ್ಲಿ ಕಂಬಳಿ ಸುತ್ತಿಕೊಂಡು ಚೋವೊಲ್ ಕೂತಿದ್ದಳು.

ನಡೆದದ್ದನ್ನು ಆಮೇಲೆ ತಾಕ್ ಅವರೇ ನನಗೆ ಹೇಳಿದರು. ಕಾಣಿಕೆಯ ಕುಂಬಳಕಾಯಿ ಮರೆತುಬಂದು ಮನೆಗೆ ಓಡುತ್ತಿದ್ದ ಅವರನ್ನು ಚೋವೊಲ್ ಕಿಟಕಿಯಿಂದ ಕೂಗಿ ನಿಲ್ಲಿಸಿದ್ದಳು. "ಏ ತಾಕ್! ನೀನು ರಕ್ಷಣೆ ಆಗೋಕೆ ಮುಂಚೆ ನನ್ನ ಅಂಗಳದಲ್ಲಿ ಎಷ್ಟು ಸಲ ಬಿದ್ದಿದ್ದೆ? ನಿನ್ನನ್ನ ಬೆನ್ನ ಮೇಲೆ ಹಾಕ್ಕೊಂಡು ಮನೆಗೆ ಬಿಟ್ಟೋರು ಯಾರು? ನಾನು, ಇಲ್ಲಾ ಅಕ್ಕ. ಇವತ್ತು ನನ್ನ ಹೊರು."

"ಎಲ್ಲಿಗೆ?"

"ನೀವೆಲ್ಲ ಹಸಿದುಕೊಂಡು ಕೂತಿರೋ ಕಡೆಗೆ."

ತಾಕ್ ಅವಳನ್ನು ಸಾರಿನ ಪಾತ್ರೆಯ ಪಕ್ಕದಲ್ಲಿ ಇಳಿಸಿದರು. ಆ ಊರಿನಲ್ಲಿ ಮೂವತ್ತೆರಡು ವರ್ಷ ಇದ್ದೂ ಚೋವೊಲ್ ಚರ್ಚಿನ ಅಂಗಳ ಮೆಟ್ಟಿದ್ದು ಅದೇ ಮೊದಲು. ಅವಳು ಸುತ್ತ ನೋಡಿ, "ಅಕ್ಕ, ಒಂದು ಬಟ್ಟಲು ಹಾಕು" ಎಂದಳು.

"ಮನೇಲಿ ಇಟ್ಟು ಬಂದಿದೀನಲ್ಲೇ."

"ಅದು ಆರಿದೆ. ಇಲ್ಲಿ ಬಿಸಿ ಇದೆಯಲ್ಲ."

ಅಜ್ಜಿ ಸಾರು ಹಾಕಿದಳು. ಚೋವೊಲ್‌ಗೆ ಒಂದೇ ಕೈಯಲ್ಲಿ ಬಟ್ಟಲೂ ಚಮಚವೂ ಹಿಡಿಯಲಾಗಲಿಲ್ಲ. ಅಜ್ಜಿ ಮಂಡಿಯೂರಿ ಕೂತು ಚಮಚದಿಂದ ಉಣಿಸಿದಳು. ತುಟಿಯ ಎಡತುದಿಯಿಂದ ಸೋರಿದ್ದನ್ನು ಬೆರಳಿನಿಂದ ಒರೆಸಿದಳು. ಚೋವೊಲ್ ಪೂರ್ತಿ ಬಟ್ಟಲು ಮುಗಿಸುವವರೆಗೆ ನಾವೆಲ್ಲ ನಿಂತೇ ಇದ್ದೆವು. ಮುಗಿದ ಮೇಲೆ ಅವಳು ಎಲ್ಲರಿಗೂ ಕೇಳುವಂತೆ, "ಸತ್ತಿಲ್ಲ" ಎಂದಳು.

ಮೊದಲು ನಕ್ಕವರು ತಾಕ್. ಅವರು ಬಟ್ಟಲು ಹಿಡಿದು ಮುಂದೆ ಬಂದರು. ಆಮೇಲೆ ಇನ್ನೂ ಏಳೆಂಟು ಜನ ಬಂದರು. ಎಲ್ಲರೂ ಬರಲಿಲ್ಲ. ಕೆಲವರು ಅಂದೂ ಬರಲಿಲ್ಲ, ಮುಂದೆಂದೂ ಬರಲಿಲ್ಲ. ಒಂದು ಕುಟುಂಬ ಆಚೆ ದಡದ ಚರ್ಚಿಗೆ ಹೋಗತೊಡಗಿತು.

ಕ್ರಿಸ್ಮಸ್ಸಿನ ಕರ್ತನ ಭೋಜನದಲ್ಲಿ ಒಕ್ಬುನ್ ಅಜ್ಜಿ ರೊಟ್ಟಿ ತೆಗೆದುಕೊಂಡಳು. ಅದರ ಬಗ್ಗೆ ಅವಳೂ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಚೋವೊಲ್‌ಗೆ ದೀಕ್ಷಾಸ್ನಾನದ ಮಾತು ಎತ್ತಿದವನು ನಾನು. ಅವಳು ತಲೆಯಾಡಿಸಿದಳು. "ಬೇಡ ಅಯ್ಯನೋರೆ. ನಿಮ್ಮ ಹಾಡು ನನಗೆ ಹಿಡಿಸಲ್ಲ. ಆದ್ರೆ ಒಂದು ಕೇಳ್ತೀನಿ. ಈ ಅಕ್ಕ ಹೋಗೋ ಊರಲ್ಲಿ ಎಲ್ಲರಿಗೂ ಒಂದೇ ಮನೆಯೋ, ಬೇರೆಬೇರೆಯೋ?"

"ತಂದೆಯ ಮನೆಯಲ್ಲಿ ಬಹಳ ಬಿಡಾರ ಇವೆ ಅಂತ ಬರೆದಿದೆ."

"ಬೇರೆಬೇರೆ ಆದ್ರೆ ಇವಳಿಗೆ ಕಷ್ಟ. ಒಬ್ಬಳೇ ತಿಂದು ಅಭ್ಯಾಸ ಇಲ್ಲ."

ಮರುವರ್ಷ ಏಪ್ರಿಲ್‌ನಲ್ಲಿ ಎರಡನೆಯ ಸಲ ಲಕ್ವ ಹೊಡೆದು ಅವಳು ತೀರಿಕೊಂಡಳು. ಗಿಟೇ ಬಂದು ಇಬ್ಬರು ತಾಯಂದಿರಲ್ಲಿ ಒಬ್ಬಳನ್ನು ಮಣ್ಣು ಮಾಡಿ, ಇನ್ನೊಬ್ಬಳನ್ನು ಬುಸಾನ್‌ಗೆ ಕರೆದ. ಅಜ್ಜಿ ಹೋಗಲಿಲ್ಲ.

ಸಮಾಧಿಯ ಮೂರನೆಯ ದಿನ ನಾನು ಮನೆಗೆ ಹೋದೆ. ಅಜ್ಜಿ ಬಿದಿರಿನ ಚಾಪೆಗಳನ್ನು ಕೊಡವಿ ಒಪ್ಪ ಮಾಡುತ್ತಿದ್ದಳು. ಅವಳು ಕೇಳುವ ಪ್ರಶ್ನೆ ನನಗೆ ಗೊತ್ತಿತ್ತು. ಹಿಂದಿನ ದಿನವೆಲ್ಲ ಅದಕ್ಕೆ ಉತ್ತರ ಹುಡುಕಿದ್ದೆ, ಸಿಕ್ಕಿರಲಿಲ್ಲ.

"ಅವಳು ಎಲ್ಲಿಗೆ ಹೋದ್ಳು ಅಯ್ಯನೋರೆ?"

"ನನಗೆ ಗೊತ್ತಿಲ್ಲ ಅಜ್ಜಿ."

"ನನಗೂ ಗೊತ್ತಿಲ್ಲ," ಎಂದಳು. ಇನ್ನೊಂದು ಚಾಪೆ ಎತ್ತಿಕೊಂಡು, "ಆದ್ರೆ ಕೇಳಿಕೊಂಡಿದೀನಿ" ಎಂದಳು.

"ಯಾರನ್ನ?"

ಅವಳು ನನ್ನನ್ನು ದಡ್ಡನನ್ನು ನೋಡುವಂತೆ ನೋಡಿದಳು.

"ಕೇಳಬೇಕಾದೋರನ್ನ. ದೇವರೇ, ಅವತ್ತು ನನ್ನ ಕೈ ಹಿಡಿದೋರು ನೀವೇ ಆಗಿದ್ರೆ, ಹಿಡಿದದ್ದು ನನಗೋಸ್ಕರ ಮಾತ್ರ ಅಲ್ಲ, ಅವಳಿಗೋಸ್ಕರಾನೂ ಅಲ್ವಾ ಅಂತ ಕೇಳ್ದೆ. ಅವಳಿಲ್ಲದ ಕಡೆ ನನಗೇನೂ ಕೆಲಸ ಇಲ್ಲ ಅಂತಾನೂ ಹೇಳಿದೀನಿ."

ಅದು ಸರಿಯಾದ ಪ್ರಾರ್ಥನೆಯೋ ಅಲ್ಲವೋ ಹೇಳುವುದು ನನ್ನ ಕೆಲಸವಾಗಿತ್ತು. ನಾನು ಹೇಳಲಿಲ್ಲ. ಗಾಳಿ ತಿರುಗುವ ಮೊದಲು ಪಾಚಿ ಒಣಹಾಕಬೇಕೆಂದು ಅವಳು ಚಾಪೆಗಳ ಸುರುಳಿಯ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟಳು. ಇಬ್ಬರೂ ಅದನ್ನು ಹಿಡಿದುಕೊಂಡು ದಡದ ಕಡೆ ಇಳಿದೆವು.